ಚೀಟಿಯಲ್ಲಿ ಬಂದ ದೇಶ

ಜಲಜಾಕ್ಷಿ ಟೀಚರ್ ಚೀಟಿ ಹಾಕಿದರಂತೆ.
ಒಬ್ಬನಿಗೆ ಜಪಾನ್, ಒಬ್ಬಳಿಗೆ ಬ್ರೆಜಿಲ್,
ನನ್ನ ಮಗಳ ಪಾಲಿಗೆ ಇಥಿಯೋಪಿಯ.
ನೋಡತಕ್ಕ ಸ್ಥಳಗಳು, ಹತ್ತಕ್ಕೆ ಕಡಿಮೆಯಿಲ್ಲದಂತೆ,
ಚಿತ್ರ ಸಮೇತ, ಸೋಮವಾರದೊಳಗೆ.

ಬಾಯಾರಿನ ನಮ್ಮ ಮನೆಗೆ ರೇಂಜ್ ಸಿಗುವುದು
ಮೇಲಿನ ಪಾದೆಕಲ್ಲಿನಲ್ಲಿ ಮಾತ್ರ.
ಬಿಸಿಲು ಇಳಿದ ಮೇಲೆ ಹತ್ತಿ ಕೂತೆವು.
ಪ್ರಜ್ವಿತಾ ಓದುತ್ತಾಳೆ, ನಾನು ಕೇಳುತ್ತೇನೆ:

ನೀರು ಹೊಗೆಯಾಗಿ ಏಳುವ ಜಲಪಾತ.
ಸಮುದ್ರಕ್ಕಿಂತ ತಗ್ಗಿನಲ್ಲಿ,
ಅರಸಿನ ಕಲಸಿಟ್ಟ ಹಾಗೆ ಕುದಿಯುವ ಉಪ್ಪಿನ ನೆಲ.
ಒಂದು ಊರಿನಲ್ಲಿ ಕತ್ತಲಾದರೆ
ಕತ್ತೆಕಿರುಬಗಳನ್ನು ಹೆಸರು ಹಿಡಿದು ಕರೆದು
ಕೋಲಿನ ತುದಿಯಲ್ಲಿ ಮಾಂಸ ಕೊಡುತ್ತಾರೆ.
ವರ್ಷಕ್ಕೆ ತಿಂಗಳು ಹದಿಮೂರು.
"ರೇಷನ್ ಹದಿಮೂರು ಸಲವೋ?" ಕೆಳಗಿನ ಅಂಗಳದಿಂದ ಸರಸು.
ತಿಂಗಳು ಸ್ಥಳವಲ್ಲ, ಲೆಕ್ಕಕ್ಕಿಲ್ಲ ಎಂದಳು ಮಗಳು.

ಆಮೇಲೆ ಫೋನು ನನ್ನ ಕಡೆ ತಿರುಗಿಸಿದಳು.
ಲಾಲಿಬೆಲ.
ನಾನು ಬೀಡಿ ಆರಿಸಿದೆ.

ಕೆಂಪು ಕಲ್ಲು. ಹೆಚ್ಚುಕಡಿಮೆ ನಮ್ಮದೇ ಬಣ್ಣ.
ನೆತ್ತಿಯಿಂದ ಕೆಳಗೆ ಕಡಿದಿದ್ದಾರೆ,
ಸುತ್ತ ಆಳದ ಹೊಂಡ, ನಡುವೆ ಉಳಿದದ್ದೇ ಇಗರ್ಜಿ:
ಕಿಟಕಿ, ಕಂಬ, ಮೆಟ್ಟಿಲು, ಮಳೆನೀರಿನ ದಂಬೆ,
ಒಂದೇ ಕಲ್ಲು.
ಮಾಡು ಮೊದಲು, ನೆಲ ಕೊನೆಗೆ.
ರಾತ್ರಿ ದೇವದೂತರು ಬಂದು ಕಡಿಯುತ್ತಿದ್ದರಂತೆ.
ಇರಬಹುದು.
ಕೂಲಿಯ ಲೆಕ್ಕ ಬರೆದಿಡದ ಕಡೆಯಲ್ಲೆಲ್ಲ
ದೇವದೂತರ ಹೆಸರು ಬರುತ್ತದೆ.

ಮೂವತ್ತೊಂದು ಸುರಂಗ ಅಗೆದವನು ನಾನು.
ಗುಡ್ಡೆಯ ಹೊಟ್ಟೆಗೆ ಅಡ್ಡಕ್ಕೆ ಹೋಗುವುದು,
ಒಬ್ಬನ ಭುಜದಷ್ಟು ಅಗಲ, ಬಗ್ಗಿದ ತಲೆಯಷ್ಟು ಎತ್ತರ.
ಮೇಣದಬತ್ತಿ ಸಣ್ಣಗಾದರೆ ಹೊರಗೆ ಬಾ.
ಸೇಡಿಮಣ್ಣು ಕಂಡರೆ ಕೆಮ್ಮಬೇಡ.
ಕಲ್ಲು ಬೆವರಿದರೆ ಇನ್ನು ಎರಡೇ ಕೋಲು.
ನೀರು ಬಂತೋ, ಪಿಕಾಸಿ ಕೆಳಗಿಟ್ಟು
ಒಂದು ಬೊಗಸೆ ಕುಡಿ, ನಿಲ್ಲಿಸು.
ಎಲ್ಲಿ ನಿಲ್ಲಿಸಬೇಕೆಂದು ನಮಗೆ ನೀರೇ ಹೇಳುತ್ತದೆ.

ಅವರಿಗೆ ಯಾರು ಹೇಳಿದರು,
ಕಂಬ ಇಷ್ಟು ಸಪುರ ಸಾಕು,
ಇನ್ನೊಂದು ಏಟು ಬೇಡ ಎಂದು?
ಕಡಿದದ್ದನ್ನು ಅಂಟಿಸಲಿಕ್ಕಾಗದು.
ರಾತ್ರಿಯೆಲ್ಲ ಅದೇ.
ಎದ್ದು, ಬಟ್ಟೆ ಸಾಬೂನಿನ ಅರ್ಧ ಬಾರು ಹಿಡಿದು
ಮೇಲಿನಿಂದ ಕೆಳಗೆ ಕೆತ್ತಿ ನೋಡಿದೆ.
ಎರಡನೆಯ ಕಿಟಕಿಗೇ ಮುರಿಯಿತು.
ಬೆಳಿಗ್ಗೆ ಸರಸು ಏನೂ ಕೇಳದೆ
ಆ ಚೂರಿನಲ್ಲೇ ಬಟ್ಟೆ ಒಗೆದಳು.

ಅಪ್ಪ ಅಗೆದದ್ದೊಂದು ಇದೆ, ಅತ್ತಿಮರದ ಹಿಂದೆ.
ಎಪ್ಪತ್ತೆರಡು ಕೋಲು, ಹನಿ ನೀರಿಲ್ಲ.
ಹಠ ಅಂದರು ಜನ, ಅರ್ಧ ಕೂಲಿ ಕೊಟ್ಟರು.
ಈಗ ಬಾವಲಿಗಳಿವೆ.
ಬೋರಿನ ಲಾರಿ ಬಂದ ಮೇಲೆ
ನನ್ನನ್ನೂ ಯಾರೂ ಕರೆಯುವುದಿಲ್ಲ, ಅದು ಬೇರೆ ಮಾತು.
ಒಳಗೆ ಕೊನೆಯ ಗೋಡೆಯಲ್ಲಿ
ಅಪ್ಪನ ಪಿಕಾಸಿಯ ಗೆರೆಗಳು,
ನಿನ್ನೆ ಸಂಜೆ ಬಿಟ್ಟು ಹೋದ ಹಾಗೆ.

ಭಾನುವಾರ ರಾತ್ರಿ ಒಂಬತ್ತು ಸ್ಥಳ ಬರೆದಾಗಿತ್ತು.
"ಕೆತ್ತಿ ಮುಗಿದ ಮೇಲೆ
ಅವರು ಮೇಲೆ ಹತ್ತಿ ನಿಂತು ನೋಡಿದ್ದಾರಾ ಅಪ್ಪಾ?"

ಗೊತ್ತಿಲ್ಲ ಮಗಾ. ನಾವು ನೋಡುವುದಿಲ್ಲ.
ಸುರಂಗದ ಕೊನೆಯಲ್ಲಿ ತಿರುಗಲು ಜಾಗವಿಲ್ಲ.
ನಿಲ್ಲಿಸಿದ ಗೋಡೆಯನ್ನು ನೋಡುತ್ತಲೇ
ಹಿಂದೆ ಹಿಂದೆ ಹೆಜ್ಜೆಯಿಟ್ಟು ಬರಬೇಕು.
ಬೆಳಕು ಮೊದಲು ತಾಗುವುದು ಬೆನ್ನಿಗೆ.

ಅವಳು ಆಗಲೇ ಗೋಂದು ಹಚ್ಚುತ್ತಿದ್ದಳು.
ಹೊಗೆಯಾಗುವ ನೀರಿನ ಚಿತ್ರ
ತಲೆಕೆಳಗಾಗಿ ಅಂಟಿತು.
ನಾನು ಹೇಳಲಿಲ್ಲ.