ಯಾರ ಪೈಕಿ

ಹಸಿರು ಹಲಗಿ, ಅಂಗೈಯಷ್ಟ ಅಗಲ.
ನಕ್ಷೆ ನನ್ನದ, ಬೆಸುಗಿನೂ ನನ್ನದ.
ಕಂಪ್ಯೂಟರಿಗೆ ಒಂದು ಬಾಯಿ, ಬಂದವರಿಗೆ ನಾಕು.
ಬೆಟಗೇರಿಯೊಳಗ, ತುಳಸಾಬಾಯಿ ಬಾಕಳೆಯವರ ಅಟ್ಟದ ಮ್ಯಾಲ
ನನ್ನ ರಿಪೇರಿ ಟೇಬಲ್.
ಕೆಳಗ ಮಗ್ಗ ಒಂದು ಏಟು ಹಾಕಿದಾಗೊಮ್ಮೆ
ಇಲ್ಲಿ ತವರದ ಹನಿ ನಡಗತಾವ.

ವಾಯರ್ ಚುಚ್ಚಿದೆ.
ಟಿಂಗ್ ಅಂತು. ಅಂದ್ರ ಕದಾ ಬಡದದ್ದು ಕೇಳೇತಿ.
ಆಮ್ಯಾಲ ಅದು ಒಳಗಿಂದ ವಿಚಾರಸ್ತೈತಿ,
ರೋಣದ ಬಸ್ಸಿನ್ಯಾಗ ಬಾಜೂಕ ಕೂತವರು ವಿಚಾರಿಸಿದಂಗ:
ಯಾ ಊರು? ಹೆಸರೇನು? ಯಾರ ಪೈಕಿ?
ನನ್ನ ಹಲಗಿ ಏನೋ ಅಂತು.
ಮೂರು ಸಲ ಕೇಳಿದ ಮ್ಯಾಲ
'ಗುರುತು ಸಿಗಲಿಲ್ಲ' ಅಂತ ಬರದು
ಕಂಪ್ಯೂಟರ್ ಕದಾ ಹಾಕ್ಕೊಂತು.

ಐದು ವೋಲ್ಟ್ ಐದ ಐತಿ. ಒಳಗಿನ ಮೂರು ಚಿಲ್ಲರೆನೂ ಸರಿ.
ಕೇಬಲ್ ಬದಲಿಸಿದೆ, ಕಂಪ್ಯೂಟರ್ ಬದಲಿಸಿದೆ,
ಕಡೀಕೆ ಕೂತ ಕುರ್ಚಿನೂ ಬದಲಿಸಿದೆ.
ಹುಲಕೋಟಿ ಕಾಲೇಜಿನ ಲ್ಯಾಬಿನಿಂದ
ಮೌನೇಶ ಎರಡು ತಾಸಿಗಂತ ಸ್ಕೋಪು ಕೊಟ್ಟ.
ಹರಳು ಬಡಕೊಳ್ಳಾಕತ್ತಿತ್ತು,
ಸೆಕೆಂಡಿಗೆ ಹನ್ನೆರಡು ದಶಲಕ್ಷ ಸಲ, ಒಂದೂ ತಪ್ಪದಂಗ.
ಬಿಸಿಗಾಳಿ ಹಿಡದು ಚಿಪ್ ಎಬ್ಬಿಸಿದೆ,
ಹೊಟ್ಟಿ ಬುಡಕಿನ ತವರ ಒರಸಿ ಹೊಸಾದು ಕೂಡಿಸಿದೆ,
ಅಮ್ಮೀಜಾನಳ ಹಲ್ಲಿನ ಬ್ರಶ್ಶಿಲೆ ಸ್ಪಿರಿಟ್ ಹಾಕಿ ತಿಕ್ಕಿದೆ.
ಅದಕ್ಕ ಬೈಸಿಕೊಂಡೆ.
ಟಿಂಗ್. ಯಾರ ಪೈಕಿ? ಗುರುತು ಸಿಗಲಿಲ್ಲ.

ಒಂದು ಮಾತು ಮರತೆ.
ಮೊದಲನೇ ದಿನಾನ ಲಾಗಿನ್ಯಾಗ ಒಂದು ಸಾಲಿತ್ತು:
'ನಿಧಾನದ ಸಾಧನವೊಂದು ಬಂದಿದೆ.'
ನಿಧಾನದ್ದಂತ! ನನ್ನ ಚಿಪ್ಪಿಗೆ!
ಸಿಟ್ಟು ಬಂದು ಮುಂದಿನ ಸಾಲಿಗೆ ಹೋದೆ.

ಈ ಹಲಗಿ ಬೇಕಾಗಿದ್ದದ್ದು ತುಳಸಾಬಾಯಿಯವರಿಗೆನ,
ದಡಿಯ ಡಿಸೈನು ಎತ್ತೂ ಪೆಟ್ಟಿಗೀಗೆ.
ಚಾ ತಗೊಂಡು ಬಂದರು.
ಭೂತಗನ್ನಡಿಯೊಳಗ ಒಂದು ಕಣ್ಣಿಟ್ಟು
ಬಾಳ ಹೊತ್ತು ನೋಡಿದರು.
'ಚಂದ ಹಾಸು ಹಾಸೀಯವಾ ಪರವೀನಾ,
ಒಂದೆಳಿ ಇನ್ನೊಂದಕ್ಕ ದಾಟಿಲ್ಲ.'
ನಾ ಉಬ್ಬಿದೆ.
ಅವರು ಬಶಿಗೆ ಚಾ ಸುರವಿ, ಉಫ್ ಅಂತ ಊದಿ,
'ಹಣಿಗ್ಯಾಗ ಎಳಿ ತುಂಬಿದ ಮ್ಯಾಲ
ಎಲ್ಲಾ ನೆಟ್ಟಗ ಕಂಡ್ರ
ನಾ ಆದರ ಮತ್ತೊಮ್ಮೆ ಎಣಸ್ತೀನಿ' ಅಂದರು.
ಲಾಳಿಯ ಕಂಡಿಕಿ ಮುಗದಿತ್ತು. ಇಳದು ಹೋದರು.

ಎಣಿಸಿದೆ.
ಮೂವತ್ತನೇ ಕಾಲು. ಮೂವತ್ತೊಂದನೇ ಕಾಲು.
ನೆನಪಾತು ಆ ರಾತ್ರಿ:
ಜೋಡಿ ಗೆರಿ, ಒಂದರ ಮ್ಯಾಲೊಂದು ದಾಟಬೇಕಾಗಿತ್ತು,
ತೂತು ಕೊರದು ಹಲಗಿ ಬೆನ್ನಿಗೆ ಹಾದು ಬರಬೇಕಾಗಿತ್ತು.
ಹೊಲಸು ಕಾಣತೈತಿ ಅಂತ
ನಕ್ಷೆಯೊಳಗ ಹೆಸರನ್ನ ಅದಲಿಬದಲಿ ಮಾಡಿದ್ದೆ,
ಕೂಡು ಇದ್ದದ್ದಕ್ಕ ಕಳೆ, ಕಳೆ ಇದ್ದದ್ದಕ್ಕ ಕೂಡು.
ಗೆರಿ ನೆಟ್ಟಗಾದವು. ಫೋಟೋ ಸೈತ ಹೊಡಕೊಂಡಿದ್ದೆ.
ಹೆಸರು ಬದಲಿ ಮಾಡಿದರ ತಾಮ್ರಕ್ಕೇನು ತಿಳೀತೈತಿ?
ಹಲಗಿ ಪಾಪ ಬಲಗೈ ಎತ್ತಿ 'ನಾನು' ಅಂತಿತ್ತು,
ಆ ಕಡೆ ಅದು ಎಡಗೈ ಆಗಿ ಮುಟ್ಟತಿತ್ತು.
ಎಡಗೈ ಎತ್ತಿದವರು ನಿಧಾನದವರು,
ಅದು ಅವರ ಮನೀ ರೂಢಿ.
ಕಂಪ್ಯೂಟರ್ ಸುಳ್ಳು ಹೇಳಿರಲಿಲ್ಲ.

ಬ್ಲೇಡಿನ ತುದಿಲೆ ಎರಡೂ ಗೆರಿ ಕೊಯ್ದೆ.
ಹಳೇ ರಿಲೇದ ಸುರುಳಿ ಬಿಚ್ಚಿ
ಕೂದಲಕಿಂತ ಸಣ್ಣ ತಂತಿ ತಗದು,
ಇದನ್ನ ಅಲ್ಲಿಗೆ, ಅದನ್ನ ಇಲ್ಲಿಗೆ.
ಕೆಳಗ ಮಗ್ಗ ನಿಲ್ಲೂತನಕ ಉಸಿರು ಹಿಡದು ಕಾದೆ,
ಆಮ್ಯಾಲ ತವರ ಮುಟ್ಟಿಸಿದೆ.
ಅಳಗ್ಯಾಡಬಾರದಂತ ಮ್ಯಾಲೊಂದು ಹನಿ ಉಗುರುಬಣ್ಣ, ಕೆಂಪಂದು.
ಹುಬ್ಬಿನ ಮ್ಯಾಲಿನ ಹೊಲಿಗಿಯಂಗ ಕಾಣತೈತಿ.
ಇದರ ಫೋಟೋ ಹೊಡದಿಲ್ಲ.

ಟಿಂಗ್.
ಯಾ ಊರು? ಹೇಳ್ತು. ಹೆಸರೇನು? ಹೇಳ್ತು.
ಯಾರ ಪೈಕಿ? ಅದನ್ನೂ ಹೇಳಿ,
ನಮ್ಮನ್ಯಾಗ ನಾಕು ಬಾಯಿ ಅಂತನೂ ಹೇಳ್ತು.
ಮೊದಲನೇದಕ್ಕ ಮೌಸ್ ಹಚ್ಚಿದೆ, ಓಡಿತು.
ಎರಡನೇದಕ್ಕ ಕೀಬೋರ್ಡ್.
ಮೂರನೇದರಾಗ ತುಳಸಾಬಾಯಿಯವರ ಪೆನ್‌ಡ್ರೈವ್,
ದಡಿಯ ಹೂಬಳ್ಳಿ ತೆರದು ನಿಂತು.
ನಾಕನೇದು ಮುಗುಮ್.

ಮತ್ತ ಹಚ್ಚಿದೆ. ತಗದು ಹಚ್ಚಿದೆ. ಮುಗುಮ್.
ಕೆಳಗಿಂದ 'ಊಟಾ ಮಾಡು ಬಾರವಾ' ಅಂತ ದನಿ.
ಬಂದೆ ಅಂದು
ಬ್ಲೇಡು ಎಲ್ಲಿಟ್ಟೆ ಅಂತ ಹುಡುಕಾಕತ್ತೀನಿ.