ಎರಡು ನಿಮಿಷ ನಾಲ್ವತ್ತು ಸೆಕೆಂಡಿಗೆ

ಬನಹಟ್ಟಿಯ ಮಗ್ಗದ ಓಣಿಯಾಗ
ಸೌಂಡ್ ಸಿಸ್ಟಮ್ ಬಾಡಿಗಿ ಕೊಡಾವ ನಾನು.
ನಾಕು ಟಾಪ್, ಎರಡು ಬೇಸ್, ಒಂದು ಮಿಕ್ಸರ್,
ಅದರ ಎಂಟನೇ ಗುಂಡಿ ಹೋಗಿ ಎರಡು ವರ್ಷಾತು.
ಲಗ್ನ, ಶಾಲಿ ಗ್ಯಾದರಿಂಗ್, ಮೊಹರಂ, ಚುನಾವಣಿ,
ಯಾರ ಮಾತಿಗೂ ನನ್ನ ವಾಲ್ಯೂಮ್ ಒಂದ.

ಆಕಿ ಬಂದದ್ದು ಜನವರಿಯಾಗ, ಲೆಸ್ಟರಿನಿಂದ.
ಶೈಲಾ ತುಂಗಳ. ಅಲ್ಲಿ ಪೋಸ್ಟರಿನ ಮ್ಯಾಲೆ ಬರೇ 'ಶೈ'.
ಅಪ್ಪ ಇಲ್ಲಿ ಮಗ್ಗ ಬಿಟ್ಟು ಹೋಗಿ
ಅಲ್ಲಿ ಕಾಲುಚೀಲದ ಮಿಲ್ಲಿನಾಗ ದುಡದಾವ.
ಕನ್ನಡ ಆಕಿಗೆ ಅಡಗಿಮನಿಯಷ್ಟ ಬರತಿತ್ತು:
ಉಪ್ಪು, ಖಾರ, ಸಾಕು, ಇನ್ನಷ್ಟು, ಸುಡತೈತಿ.
ಅಷ್ಟರಾಗ ಇಡೀ ರೆಕಾರ್ಡಿಂಗ್ ನಡೀತು.

ಹದಿನೆಂಟು ವರ್ಷ ಇದ ಕೆಲಸ, ಅಂದಳು ಚಾ ಕುಡಕೋತ.
ಮೊದಲ ಭಾಂಗ್ರಾಕ್ಕ ಜಮೈಕಾದ ಬೇಸ್ ಕೂಡಿಸಿದಳಂತ.
ಕಂಪನಿಯವರು, ಇದು ಭಾಳ ಇಂಡಿಯನ್, ಅಂದರು.
ಸಿತಾರ ತಗದು ಸಿಂಥ್ ಇಟ್ಟಳಂತ.
ಅದ ಮಂದಿ, ಇದರಾಗ ಇಂಡಿಯಾ ಎಲ್ಲೈತಿ, ಅಂದರು.
ಮಾವಿನ ಜೂಸಿನ ಜಾಹೀರಾತಿಗೆ ಮಾಡಿದ ಹದಿನೈದು ಸೆಕೆಂಡು
ಮನಿ ಸಾಲ ತೀರಿಸ್ತಂತ.
ಅದನ್ನ ಹಚ್ಚು ಅಂದೆ. ಹಚ್ಚಲಿಲ್ಲ.

ಗಿರಿಮಲ್ಲಪ್ಪ ಭಜಂತ್ರಿ
ಕರಡಿ ಹೆಗಲಿಗೇರಿಸಿ ಬಂದ.
ಆಕಿ ಅವನ ಕಿವಿಗೆ ಹೆಡ್‌ಫೋನ್ ಹಾಕಿದಳು.
ಒಳಗ ಟಿಕ್, ಟಿಕ್, ಟಿಕ್.
"ಇದು ಯಾರ ಎದಿ, ತಂಗೀ?"
"ಮಷೀನ್."
"ಹಂಗಾರ ಅದಕ್ಕ ದಣಿವಿಲ್ಲ. ನನಗ ಐತಿ.
ದಣದಾಗ ನಾ ಎಲ್ಲಿ ಕೂಡಬೇಕು?"
ತಗದು ನನ್ನ ಕೈಯಾಗಿಟ್ಟ.
ಮಧ್ಯಾಹ್ನ ಪೂರ್ತಿ ಆ ಟಿಕ್ ಟಿಕ್ ಕೊರಳಾಗ ಹಾಕ್ಕೊಂಡು
ನಾ ಕೇಬಲ್ ಸುತ್ತಿದೆ.

ಕಿಡಕಿಗೆ ಏಳು ಕೌದಿ ಕಟ್ಟಿದಿವಿ.
ಆದರೂ ಮಗ್ಗ ಒಳಗ ಬಂತು, ಖಟಾಪಟಾ ಖಟಾಪಟಾ,
ಬಾಗಲಿಲ್ಲದ ಮನಿಗೆ ಬೀಗರು ಬಂದಂಗ.
ಆಕಿ ಇಂಗ್ಲಿಷಿನ್ಯಾಗ ಬೈದಳು.
ಬೈಗಳ ಯಾವ ಭಾಷಾದಾಗಿದ್ದರೂ ತಿಳೀತೈತಿ.
ಹತ್ತು ಸಲ ಬಾರಿಸಿದ, ಹತ್ತು ಸಲ ಅಳಿಸಿದಳು.

ಹನ್ನೊಂದನೇದು.
ಎರಡು ನಿಮಿಷ ನಾಲ್ವತ್ತು ಸೆಕೆಂಡಿಗೆ ಕರೆಂಟ್ ಹೋತು.
ಓಣಿಯ ಮಗ್ಗ ಅಷ್ಟೂ
ಒಮ್ಮೆಲೇ ಬಾಯಿ ಮುಚ್ಚಿದವು.
ನನ್ನ ಮಿಕ್ಸರ್ ಸತ್ತಿತು. ಆಕಿ ಡಬ್ಬಿ ಬ್ಯಾಟರಿ ಮ್ಯಾಲಿತ್ತು,
ಕೆಂಪು ದೀಪ ಆರಲಿಲ್ಲ.
ಗಿರಿಮಲ್ಲಪ್ಪನ ಕೈ ಗಾಳಿಯಾಗ ನಿಂತಿತು.
ಐವತ್ತು ವರ್ಷ ಬಾರಿಸಿದಾವಗ ಆವತ್ತ ತಿಳದದ್ದು,
ತಾ ನಡದದ್ದು ಮಗ್ಗದ ಹೆಜ್ಜಿ ಮ್ಯಾಲೆ ಅಂತ.
ಇಲ್ಲ, ಅವಗ ತಿಳೀತೋ ಇಲ್ಲೋ.
ನನಗ ತಿಳೀತು.

ಹೊರಗ ಯಾವನೋ ಹುಡುಗ "ಹೋ..." ಅಂದ,
ಕರೆಂಟ್ ಹೋದಾಗ ಹುಡುಗರು ಅಂತಾರಲ್ಲ, ಹಂಗ.
ಯಾರದೋ ಕೊಡ ಕಟ್ಟಿಗೆ ತಾಕಿತು.
ಆಮ್ಯಾಲೆ ಬಂತು ಪೆಟ್ಟು. ಒಂದು. ಮೆತ್ತಗ,
ಕತ್ತಲಾಗ ಚಪ್ಪಲಿ ಹುಡುಕೂ ಕಾಲಿನಂಗ.
ಎಷ್ಟೋ ಹೊತ್ತಿಗೆ ಇನ್ನೊಂದು.

ಸಾಕಾ, ಅಂದೆ ನಾ ಕೈಸನ್ನಿಲೆ.
ಕಣ್ಣು ಮುಚ್ಚಿಕೊಂಡ "ಇನ್ನಷ್ಟು" ಅಂದಳು.

ರೊಕ್ಕ ಬಂತು, ಹೇಳಿದ್ದಕ್ಕಿಂತ ತಡಾ ಆತು, ಆದರ ಬಂತು.
ಗಿರಿಮಲ್ಲಪ್ಪ ಕರಡಿಗೆ ಎರಡೂ ಬದಿ ಹೊಸ ಚರ್ಮ ಹಾಕಿಸಿದ,
ಉಳದದ್ದು ಮಗಳ ನರ್ಸಿಂಗ್ ಫೀ.
ರೆಕಾರ್ಡಿನ ಬೆನ್ನಿಗೆ ಅವನ ಹೆಸರು ದೊಡ್ಡದು,
ಕೆಳಗ ಸಣ್ಣಕ್ಷರದಾಗ
ರಾಜೇಸಾಬ ಪೆಂಡಾರಿ: ಕೇಬಲ್, ಚಾ.

ಮೊನ್ನೆ ಫೋನಿಗೆ ವಿಡಿಯೋ ಕಳಿಸಿದಳು.
ಮ್ಯಾಂಚೆಸ್ಟರಿನಾಗ ಯಾವುದೋ ಕತ್ತಲ ಹಾಲು,
ಮಂದಿ ಎಲ್ಲಾ ಜಿಗೀಲಿಕ್ಕೆ ಹತ್ಯಾರ.
ಅಪ್ಪನ ಮಿಲ್ಲಿನ ಸದ್ದೂ ಕೂಡಿಸ್ಯಾಳಂತ ಬೇಸಿನ ಕೆಳಗ,
ನನ್ನ ಫೋನಿನ ಸ್ಪೀಕರಿಗೆ ಅದು ಸಿಗಲಿಲ್ಲ.
ಎರಡು ನಿಮಿಷ ನಾಲ್ವತ್ತು ಸೆಕೆಂಡಿಗೆ ಎಲ್ಲಾ ನಿಂತಿತು,
ಜಿಗದ ಕಾಲು ನೆಲಕ್ಕ ಬಂದು ಸುಮ್ಮಾದವು.
ನಮ್ಮ ಓಣಿ ಹುಡುಗ "ಹೋ..." ಅಂದ.
ಅಲ್ಲಿ ಯಾವನೋ ತಿರುಗಿ "ಹೋ..." ಅಂದ.

ಹೆಸ್ಕಾಂ ಲೈನ್‌ಮನ್ ದುಂಡಪ್ಪಗ ಅದನ್ನ ತೋರಿಸಿದೆ.
ಎರಡು ಸಲ ನೋಡಿ ಫೋನ್ ವಾಪಸ್ ಕೊಟ್ಟ:
"ನಂದೇನೂ ತಪ್ಪಿಲ್ಲ ಮತ್ತ, ಆವತ್ತ ಮ್ಯಾಲಿಂದ ಆರ್ಡರ್ ಇತ್ತು."