ಸ್ಟಿಲ್

ಬ್ಯಾಡಗಿಯೊಳಗ ಸೀನು ಅಂದ್ರ ಹಾಜರಿ.
ಮಾರ್ಕೆಟ್ಟಿನ ಗಾಳಿ ಕಿಡಕ್ಯಾಗಿಂದ ಒಳಗ ಬಂತಂದ್ರ
ಹತ್ತನೇ ಬಿ ಕ್ಲಾಸು ಬೆಂಚಿನಿಂದ ಬೆಂಚಿಗೆ ಸೀನತೈತಿ.
ನಾ ಹಲಗಿ ಮ್ಯಾಲ ಬರದ ಪ್ರೆಸೆಂಟ್ ಟೆನ್ಸು
ಮೂಗು ಒರಸಿಕೊಳ್ಳೋದ್ರಾಗ ಪಾಸ್ಟ್ ಆಗಿರತೈತಿ.

ಅರವತ್ತೊಂದು ಪೇಪರು. ವಿಷಯ: ಮೈ ಮದರ್.
ಅರವತ್ತು ಪೇಪರಿನ್ಯಾಗ ಒಬ್ಬಾಕಿನ ತಾಯಿ.
ಐದಕ್ಕ ಏಳತಾಳ, ದೇವರಿಗೆ ಕೈ ಮುಗೀತಾಳ,
ಶಿ ಈಸ್ ಎ ಹೋಮ್ ಮೇಕರ್.
ಗೈಡು, ಪುಟ ನಲವತ್ತೆರಡು.
ಈ ತಾಯಂದಿರೊಳಗ ಅರ್ಧಕ್ಕರ್ಧ ಮಂದಿ
ಮೆಣಸಿನಕಾಯಿ ತೊಟ್ಟು ಮುರಿಯಾಕ ಹೋಗ್ತಾರ, ಕಿಲೋ ಲೆಕ್ಕದಾಗ.
ನನಗ ಗೊತ್ತೈತಿ.
ಗೊತ್ತಿದ್ದೂ ಹೋಮ್ ಮೇಕರಿಗೆ ಟಿಕ್ ಹಾಕಿದಾಕಿ ನಾನ.

ಪುಸ್ತಕ ತಂದಿದ್ದು ಹೋದ ಶ್ರಾವಣದಾಗ,
ಹುಬ್ಬಳ್ಳಿ ರದ್ದಿ ಅಂಗಡಿಯಿಂದ, ತೂಕಕ್ಕ.
ತೆಳ್ಳನ್ನ ಇಂಗ್ಲಿಷ್ ಕಥಿಗಳು. ಕೆಲವಕ್ಕ ರಟ್ಟಿಲ್ಲ,
ಒಂದಕ್ಕ ಕಡೀ ಪುಟಾನ ಇಲ್ಲ. ಆ ಕಥ್ಯಾಗಿನ ನಾಯಿ ಮನಿ ಮುಟ್ಟಿತೋ ಇಲ್ಲೋ
ಇವತ್ತಿಗೂ ನಮ್ಮ ಕ್ಲಾಸಿನ್ಯಾಗ ಜಗಳೈತಿ.
ಶುಕ್ರವಾರ ಕಡೀ ಪಿರಿಯಡ್ಡು ಬರೇ ಓದೂದು.
ಪ್ರಶ್ನೆ ಇಲ್ಲ, ಅರ್ಥ ಬರಿಯೂದಿಲ್ಲ, ಮಾರ್ಕ್ಸಿಲ್ಲ.
ಹೆಡ್ ಮಾಸ್ತರು ಬಾಗಿಲದಾಗ ನಿಂತು ಕೇಳಿದ್ರು:
‘ಅಕ್ಕೋರ, ಏನ್ ನಡಸೀರಿ?’
ಏನೂ ನಡಸಿಲ್ರಿ ಅಂದೆ. ಖರೇನ ಹೇಳಿದ್ದೆ.
ನಾನೂ ಒಂದು ಪುಸ್ತಕ ಹಿಡಕೊಂಡು ಕುಂತಿದ್ದೆ,
ಬಿ.ಎಡ್. ಮುಗಿಸಿ ಹನ್ನೊಂದು ವರ್ಷದ ಮ್ಯಾಲ,
ಗೈಡಲ್ಲದ್ದು ಒಂದು.

ದಿಲ್‌ಶಾದ್ ನದಾಫ ಬೆರಳಿಟ್ಟು ಓದತಾಳ.
ಬೆರಳು ನಿಂತರ ಕೈ ಮ್ಯಾಲ ಏಳತೈತಿ.
‘ಸ್ಟಿಲ್ ಅಂದ್ರೇನ್ರಿ?’
ಇನ್ನೂ ಅಂತ. ಚಾ ಇನ್ನೂ ಬಿಸಿ ಇತ್ತು.
ಮುಂದಿನ ಶುಕ್ರವಾರ: ‘ಇಲ್ಲಿ ಇನ್ನೂ ಕೂಡಂಗಿಲ್ರಿ.’
ನೋಡಿದೆ. ಅಲ್ಲಿ ಅದು ಆದ್ರೂ.
ದೀಪಾವಳಿ ಸೂಟಿ ಮುಗಿದ ಮ್ಯಾಲ ಒಂದು ಕೆರಿ ಬಂತು,
ಸ್ಟಿಲ್ ವಾಟರ್, ಅಲುಗಾಡದ ನೀರು.
ಹುಡುಗಿ ನಕ್ಕಳು:
‘ನಮ್ಮವ್ವನಂಗ ಐತಲ್ರಿ ಈ ಶಬ್ದ,
ಒಂದ ಜೀವ, ಮೂರು ಕಡೆ ದುಡಿತ.’
ಹಲಗಿ ಮ್ಯಾಲ ಇದನ್ನ ನಾ ಎಂದೂ ಬರದಿಲ್ಲ.
ಬರದಿದ್ರ ಅಕಿ ಕಾಪಿ ಮಾಡಿಕೊಳ್ತಿದ್ದಳು, ಅಷ್ಟ.

ಅರವತ್ತೊಂದನೇ ಪೇಪರು ಅಕಿದು.
ಮೈ ಮದರ್ ವಾಷ್ಡ್ ಹರ್ ಹ್ಯಾಂಡ್ಸ್ ತ್ರೀ ಟೈಮ್ಸ್.
ಸ್ಟಿಲ್ ದ ಚಿಲ್ಲಿ ಈಸ್ ಸ್ಟಿಲ್ ದೇರ್.
ಶಿ ಡಸ್ ನಾಟ್ ಟಚ್ ದ ಬೇಬಿ.

ಕೆಂಪು ಪೆನ್ನು ರೂಢಿ ಪ್ರಕಾರ ಇಳೀತು.
ಎರಡು ಸ್ಟಿಲ್, ಒಂದು ಹೊಡಿಬೇಕು.
ಯಾವದು?
ಮದಲಿನದು ಆದ್ರೂ, ಎರಡನೇದು ಇನ್ನೂ.
ಮೂರು ಸಲ ತೊಳದ್ರೂ ಖಾರ ಇನ್ನೂ ಐತಿ.
ಯಾವದನ್ನ ತಗದ್ರೂ ಆ ಕೈಯಾಗಿನ ಉರಿ ಒಂದು ಕೂದಲೆಳಿಯಷ್ಟು
ಕಮ್ಮಿ ಆಗತೈತಿ.
ಮೂರನೇ ಸ್ಟಿಲ್ ನನ್ನ ಕೈಯಾಗ ಇತ್ತು,
ಅಲುಗಾಡದ ಪೆನ್ನು.
ಕಡೀಕ ಮದಲಿನ ಸ್ಟಿಲ್ ಮುಂದ ಒಂದು ಕಾಮಾ ಇಟ್ಟೆ,
ಕೆಂಪನ್ನದು, ಸೊಟ್ಟಂದು.

‘ಇದು ತಪ್ಪೇನ್ರಿ?’
ತಪ್ಪಲ್ಲವಾ. ಉಸಿರು.
ಓದುವಾಗ ಇಲ್ಲೆ ತಗೋತಿದ್ದಿ, ಬರಿವಾಗ ಮರ್ತಿ.

ತಲಿ ಅಳ್ಳಾಡಿಸಿದಳು. ಆಮ್ಯಾಲ,
‘ಒಂದು ಪುಸ್ತಕ ಮನಿಗೆ ಒಯ್ಯಲೇನ್ರಿ?
ಅವ್ವಗ ಚಿತ್ರ ತೋರಸ್ತೇನಿ. ಅಕಿ ಮುಟ್ಟಂಗಿಲ್ರಿ,
ಪುಟ ನಾನ ತಿರುವತೇನಿ.’

ಕಡೀ ಪುಟ ಇಲ್ಲದ್ದನ್ನ ಆರಿಸಿಕೊಂಡು ಒಯ್ದಳು.

ಸೋಮವಾರ ತಿರುಗಿ ಬಂತು.
ಹದಿನೇಳನೇ ಪುಟದ ಮೂಲ್ಯಾಗ,
ನಾಯಿ ಮಳ್ಯಾಗ ನಿಂತ ಚಿತ್ರದ ಕೆಳಗ,
ಒಂದು ಕೆಂಪು ಹೆಬ್ಬಟ್ಟು.
ಮೂಗಿನ ಹತ್ತರ ಒಯ್ದೆ.
ಸೀನು ಬಂತು.